ತೂಕ ಕೂಗುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮನ ಕೈಗಳು ಕಡುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಗಸಗಸನೆ ಉಜ್ಜಿಕೊಳ್ಳುತ್ತಿದ್ದರು. ಆಗ ಒಂದು ಕೈಯ ಚಿನ್ನದ ಬಳೆ ಇನ್ನೊಂದು ಕೈಯ ವಾಚಿಗೆ ತಗುಲಿ ಟಿಕಟಿಕ ಎನ್ನುತ್ತಿತ್ತು. "ತಣ್ಣಗಿರುತ್ತೆ, ತಡ್ಕೋ" ಎಂದು ಹೇಳಿ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳು ಊರುತ್ತಿದ್ದರು. ಎಷ್ಟು ಉಜ್ಜಿದರೂ ಆ ಬೆರಳುಗಳು ಬೆಚ್ಚಗಾಗಿದ್ದನ್ನು ನಾನು ಕಾಣೆ.

ಕೃಷ್ಣಮೂರ್ತಿಪುರಂನ ಹಳೆಯ ಮನೆಯೊಂದರ ಮುಂದಿನ ಕೋಣೆಯೇ ಅವರ ಕ್ಲಿನಿಕ್. ನಮ್ಮ ಮನೆ ಅಲ್ಲಿಂದ ಕೂಗಳತೆ ದೂರ. ಅಪ್ಪನದು ವಿಭೂತಿ, ರುದ್ರಾಕ್ಷಿ, ಪೂಜಾ ಸಾಮಾನಿನ ಅಂಗಡಿ. ಸುತ್ತಮುತ್ತಲ ಮಠಗಳಿಗೆಲ್ಲ ಅಲ್ಲಿಂದಲೇ ಸಾಮಾನು ಹೋಗುತ್ತಿತ್ತು. ಅಪ್ಪನಿಗೆ ಎದೆನೋವು ಬಂದ ದಿನ ಡಾಕ್ಟರಮ್ಮ ರೋಗಿಗಳನ್ನು ಬೆಂಚಿನ ಮೇಲೆ ಹಾಗೇ ಬಿಟ್ಟು, ಆಟೋದಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ದರು. ಅಪ್ಪ ಉಳಿಯಲಿಲ್ಲ. ಅಂದಿನಿಂದ ಅಮ್ಮನ ಪಾಲಿಗೆ ಅವರ ಮಾತೆಂದರೆ ಮುಗಿಯಿತು, ಮೇಲೆ ಮಾತಿಲ್ಲ.

ನನ್ನ ಪಾಲಿಗೆ ಹಾಗಿರಲಿಲ್ಲ. ಕ್ಲಿನಿಕ್ಕಿನ ಬಾಗಿಲಲ್ಲಿ, ಚಪ್ಪಲಿ ಬಿಡುವ ಜಾಗಕ್ಕೆ ಅಂಟಿಕೊಂಡೇ ತೂಕದ ಮೆಷಿನ್ ಇತ್ತು. ಯಾರು ಅದನ್ನು ಹತ್ತಬೇಕು, ಯಾರು ಬೇಡ ಎನ್ನುವುದನ್ನು ಡಾಕ್ಟರಮ್ಮ ಒಳಗೆ ಕೂತೇ ಕಣ್ಣಳತೆಯಲ್ಲಿ ತೀರ್ಮಾನಿಸುತ್ತಿದ್ದರು. ನಾನು ಪ್ರತಿ ಸಲವೂ ಹತ್ತಬೇಕು. ಸಿಸ್ಟರ್ ಮುಳ್ಳು ನೋಡಿ ಹೇಳಿದ್ದನ್ನು ಡಾಕ್ಟರಮ್ಮ ಅದಕ್ಕಿಂತ ಗಟ್ಟಿಯಾಗಿ ಕೂಗಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬೆಂಚಿನ ಮೇಲಿದ್ದವರೆಲ್ಲ ಕತ್ತು ತಿರುಗಿಸಿ, ಆ ಅಂಕಿ ಸೇರಿಕೊಂಡಿರುವ ಜಾಗಗಳನ್ನು ನನ್ನ ಮೈಮೇಲೆ ಹುಡುಕುತ್ತಿದ್ದರು. ಕೆಮ್ಮು ಎಂದರೆ "ಕೆಮ್ಮು ಆಮೇಲೆ ನೋಡೋಣ, ಮೊದ್ಲು ಹತ್ತು." ಕಣ್ಣುನೋವು ಎಂದರೂ ಹತ್ತು. ಒಮ್ಮೆ ಬೀದಿನಾಯಿ ಕಚ್ಚಿ ಅಳುತ್ತಾ ಹೋದಾಗ ಸೂಜಿಗೆ ಔಷಧಿ ತುಂಬುತ್ತಾ, "ಓಡಕ್ಕೂ ಆಗ್ಲಿಲ್ವೇನೆ ನಿಂಗೆ?" ಎಂದಿದ್ದರು. ಬೆಂಚು ಘೊಳ್ಳೆಂದು ನಕ್ಕಿತ್ತು. ನಾಯಿಯನ್ನು ನಾನು ಆ ವಾರವೇ ಕ್ಷಮಿಸಿದೆ.

ಅಮ್ಮನ ಕತೆ ಬೇರೆ. ಅವಳದು ಕಡ್ಡಿಯಂಥ ಕೈಕಾಲು, ಉದ್ದ ಕತ್ತು. ಸೀರೆ ಉಟ್ಟು ನಿಂತರೆ ಎರಡು ಹೆತ್ತವಳು ಎಂದು ಯಾರೂ ಹೇಳುವಂತಿರಲಿಲ್ಲ. ಅವಳು ಮೆಷಿನ್ ಕಡೆ ಹೆಜ್ಜೆ ಹಾಕಿದರೆ ಡಾಕ್ಟರಮ್ಮ ಒಳಗಿನಿಂದಲೇ ತಡೆಯುತ್ತಿದ್ದರು. "ನೀನ್ಯಾಕಮ್ಮ ಹತ್ತುತೀಯ? ಮುಳ್ಳು ಅಲ್ಲಾಡೋದೂ ಇಲ್ಲ, ಬಾ ಒಳಗೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮನ್ನ ನೋಡಿ ಕಲ್ತ್ಕೋ" ಎನ್ನುತ್ತಿದ್ದರು. ಅಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಜೀವನದಲ್ಲಿ ಅವಳನ್ನು ಹೊಗಳಿದವರು ಕಡಿಮೆ. ಆ ಹೊಗಳಿಕೆಗಾಗಿಯೇ ಅವಳಿಗೆ ಕ್ಲಿನಿಕ್ಕಿಗೆ ಹೋಗುವುದು ಇಷ್ಟವಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ನಾನು ಓದಿ, ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ ಕೆಲಸ ಹಿಡಿದೆ. ನನ್ನ ತಮ್ಮ ಕಾರು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ಅಮ್ಮನಿಗೆ ಸುಸ್ತು ಶುರುವಾಯಿತು. ಕೂತಲ್ಲೇ ತೂಕಡಿಸುವಳು, ಊಟ ಸೇರದು ಎನ್ನುವಳು. ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು. "ಸೋಮವಾರದ ಉಪವಾಸ ನಿಲ್ಸು. ರಕ್ತ ಕಮ್ಮಿಯಾಗಿದೆ, ತೆಳ್ಳಗಿರೋರಿಗೆ ಇದೊಂದು ಕಾಟ" ಎಂದು ಟಾನಿಕ್ ಬರೆದುಕೊಟ್ಟರು. ಹೊರಡುವಾಗ ಎಂದಿನಂತೆ ನನ್ನನ್ನು ಮೆಷಿನ್ ಹತ್ತಿಸಿದರು.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದ ಅಮ್ಮ ಬಚ್ಚಲಿಗೆ ಓಡಿದಳು. ಹಿಂದೆಯೇ ಹೋದ ನನಗೆ ಕಂಡದ್ದು ರಕ್ತ. ಬಕೆಟ್ಟಿನ ಅಂಚಿನ ಮೇಲೆ, ನೆಲದ ಮೇಲೆ, ಅವಳ ಹಣೆಯ ವಿಭೂತಿಗೂ ಸಿಡಿದಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದರು. ಸ್ಕ್ಯಾನ್ ಮಾಡಿಸಿ, ಲಿವರ್ ಗಟ್ಟಿಯಾಗಿಹೋಗಿದೆ ಎಂದರು. ಅಲ್ಲಿನ ಸರ್ಜನ್ ಇನ್ನೂ ಕೂದಲು ನರೆಯದ ಮನುಷ್ಯ. ತಲೆ ತಗ್ಗಿಸಿಕೊಂಡು, "ಕುಡಿಯೋ ಅಭ್ಯಾಸ ಏನಾದ್ರೂ ಇತ್ತಾ? ಕೇಳ್ಲೇಬೇಕು, ತಪ್ಪು ತಿಳ್ಕೋಬೇಡಿ" ಎಂದರು. ಘಾಟು ಹೊಡೆಯುವ ಕೆಮ್ಮಿನ ಔಷಧಿಯನ್ನೂ ಮುಟ್ಟದ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಾಯಿಲೆಗಿಂತ ಆ ಪ್ರಶ್ನೆಗೆ ಅವಳು ಹೆಚ್ಚು ಅತ್ತಳು. ಎಲ್ಲ ಪರೀಕ್ಷೆ ಮುಗಿದ ಮೇಲೆ ಸರ್ಜನ್ ನಮಗೆ ತಿಳಿಯುವಂತೆ ಹೇಳಿದರು. ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಕೂತಿದೆ. ಅಮ್ಮನ ಕೈಕಾಲಿಗೆ ಸೇರದ ಕೊಬ್ಬು ಹೊಟ್ಟೆಯೊಳಗೆ ಸೇರಿ, ವರ್ಷಗಟ್ಟಲೆ ಲಿವರನ್ನು ತಿಂದಿದೆ. "ನೋಡೋಕೆ ತೆಳ್ಳಗಿದಾರೆ, ಅಷ್ಟೇ" ಎಂದರು. ಉಳಿಯಬೇಕಾದರೆ ರಕ್ತಸಂಬಂಧಿಯೊಬ್ಬರು ತಮ್ಮ ಲಿವರಿನ ತುಂಡು ಕೊಡಬೇಕು. ಅದೂ ಬೇಗ.

ಅಮ್ಮನನ್ನು ಎರಡು ದಿನದ ಮಟ್ಟಿಗೆ ಮನೆಗೆ ಕಳಿಸಿದಾಗ ಡಾಕ್ಟರಮ್ಮ ಬಂದರು. ಬ್ಯಾಗಿಲ್ಲದೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ರಿಪೋರ್ಟುಗಳನ್ನೆಲ್ಲ ಓದಿ, "ನಿಮ್ಮನೇಲಿ ಅಳತೆ ಟೇಪ್ ಇದ್ಯಾ?" ಎಂದು ಕೇಳಿದರು. ಅಮ್ಮನ ಹೊಲಿಗೆ ಮೆಷಿನ್ನಿನ ಖಾನೆಯಿಂದ ತಂದುಕೊಟ್ಟೆ. ಲಂಗದ ಲಾಡಿ ಸಡಿಲಿಸಿ, ಸೀರೆಯ ನೆರಿಗೆ ಸರಿಸಿ, ಅಮ್ಮನ ಸೊಂಟದ ಸುತ್ತ ಟೇಪ್ ಹಿಡಿದರು. ಆ ನೆರಿಗೆಗಳ ಹಿಂದೆ ಗುಂಡನೆಯ ಪುಟ್ಟ ಹೊಟ್ಟೆಯೊಂದು ಇದ್ದದ್ದನ್ನು ನಾನೂ ಗಮನಿಸಿರಲಿಲ್ಲ. ಈಗ ನೀರೂ ತುಂಬಿಕೊಂಡಿತ್ತು. ಅಳತೆಗೆ ಅರ್ಥ ಉಳಿದಿರಲಿಲ್ಲ. ಆದರೂ ಅವರು ಟೇಪನ್ನೇ ನೋಡುತ್ತಾ ಕೂತರು.

"ಇದನ್ನ ನಾನು ಯಾವತ್ತೋ ಮಾಡ್ಬೇಕಿತ್ತು" ಎಂದರು. ಆಮೇಲೆ ನನ್ನ ಕಡೆ ನೋಡಿ, "ನಿನ್ನನ್ನ ಬಂದಾಗೆಲ್ಲ ಮೆಷಿನ್ ಹತ್ತಿಸ್ದೆ. ಇವಳ ಹೊಟ್ಟೆ ಒಂದ್ಸಲಾನೂ ಮುಟ್ಟಿ ನೋಡ್ಲಿಲ್ಲ. ಸಣ್ಣಗಿದಾಳೆ ಅಂತ ಬಿಟ್ಬಿಟ್ಟೆ. ತಪ್ಪು ನಂದು ಕಣೇ" ಎಂದರು.

ನನಗೆ ಅಯ್ಯೋ ಅನ್ನಿಸಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಈಗ ಹೇಳಿ ಏನುಪಯೋಗ?" ಎಂದೆ.

"ಉಪಯೋಗ ಏನಿಲ್ಲ. ಆದ್ರೂ ಹೇಳ್ಬೇಕಲ್ಲ."

ಅಮ್ಮ ಮಾತ್ರ, "ಬಿಡಿ ಡಾಕ್ಟ್ರಮ್ಮ, ನಂಗೇ ಗೊತ್ತಾಗ್ಲಿಲ್ಲ, ನಿಮಗೆಂಗೆ ಗೊತ್ತಾಗ್ಬೇಕು. ಕಾಫಿ ಕುಡೀರಿ" ಎಂದಳು.

ಲಿವರ್ ಕೊಡಲು ಮುಂದಾದವನು ತಮ್ಮ. ಯಾರೂ ಎರಡನೇ ಯೋಚನೆ ಮಾಡಲಿಲ್ಲ. ಅವನು ಅಮ್ಮನ ಪಡಿಯಚ್ಚು, ತೆಳ್ಳಗಿನ ಆಳು, ಭಾನುವಾರ ಬಂದರೆ ಷಟಲ್ ಆಡುತ್ತಾನೆ. ಆಸ್ಪತ್ರೆಯ ಹುಡುಗಿ ಅವನ ಎತ್ತರ, ತೂಕವನ್ನು ಕಂಪ್ಯೂಟರಿಗೆ ಹಾಕಿ ನಗುತ್ತಾ ಮುಂದಕ್ಕೆ ಕಳಿಸಿದಳು. ಸ್ಕ್ಯಾನಿನಲ್ಲಿ ಅವನ ಲಿವರಿನ ತುಂಬ ಕೊಬ್ಬು ಕಂಡಿತು. ಅಮ್ಮ ಹೊರಟ ದಾರಿಯಲ್ಲೇ ಅವನೂ ಹೊರಟಿದ್ದ. ಕಾರಿಡಾರಿನ ಕುರ್ಚಿಯಲ್ಲಿ ಕುಸಿದು, "ನಾನು ಸಣ್ಣ ಇದೀನಲ್ಲಕ್ಕ... ಸಣ್ಣ ಇದೀನಲ್ಲ..." ಎಂದು ಅದನ್ನೇ ಹೇಳುತ್ತಿದ್ದ.

ನಾನು ಹೋಗಿ ಅದೇ ಹುಡುಗಿಯ ಮುಂದೆ ಕೂತೆ. ರಕ್ತದ ಗುಂಪು ಹೊಂದುತ್ತಿತ್ತು. ಅವಳು ಎತ್ತರ, ತೂಕ ಒತ್ತಿದಳು, ಪರದೆ ನೋಡಿದಳು. "ಸಾರಿ ಮೇಡಂ. ನಿಮ್ಮದು ಲಿಮಿಟ್ ದಾಟಿದೆ. ತೂಕ ಇಳಿಸ್ಕೊಂಡು ಬನ್ನಿ, ಆಮೇಲೆ ಮಿಕ್ಕ ಟೆಸ್ಟ್ ಮಾಡ್ತೀವಿ."

"ಎಷ್ಟು ಟೈಮ್ ಇದೆ?"

ಅವಳು ಪಾಪ, ಪರದೆಯ ಕಡೆ ತಿರುಗಿಕೊಂಡಳು. ಮತ್ತೆ ಅಡ್ಮಿಟ್ ಆಗಿದ್ದ ಅಮ್ಮನ ಕಣ್ಣು ಅರಿಸಿನವಾಗಿತ್ತು. ಅಂದು ಬೆಳಿಗ್ಗೆ ಕಾಯಿಲೆಯ ಮಂಪರಿನಲ್ಲಿ ನನ್ನನ್ನು ತನ್ನ ತಂಗಿಯೆಂದುಕೊಂಡು, ಸ್ಕೂಲಿಗೆ ಹೊತ್ತಾಯಿತು ಜಡೆ ಹಾಕು ಎಂದಿದ್ದಳು. ತಿಂಗಳುಗಟ್ಟಲೆ ಅನ್ನ ಬಿಟ್ಟು ತೂಕ ಇಳಿಸುವಷ್ಟು ಕಾಲ ಅವಳ ಬಳಿ ಇರಲಿಲ್ಲ.

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದ್ದು ಸಹಾಯ ಕೇಳಲು ಅಲ್ಲ. ಬೈಯಲು ಯಾರಾದರೂ ಬೇಕಾಗಿತ್ತು. "ನೀವು ಬೆಂಚಿಗೆಲ್ಲ ಕೇಳೋ ಹಾಗೆ ಕೂಗ್ತಿದ್ರಲ್ಲ, ಈಗ ಇಲ್ಲೂ ಅದನ್ನೇ ಕೂಗ್ತಿದಾರೆ. ದಪ್ಪ ಇರೋಳ ಲಿವರ್ ಬೇಡ್ವಂತೆ. ಸಮಾಧಾನ ಆಯ್ತಾ?" ಎಂದು ಕಿರುಚಿದೆ.

"ಅಲ್ಲೇ ಇರು, ಬಂದೆ" ಎಂದರು.

ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ಆಟೋ ಇಳಿದರು. ನನ್ನ ರಟ್ಟೆ ಹಿಡಿದುಕೊಂಡು ನೇರವಾಗಿ ಸರ್ಜನ್ ಕೋಣೆಗೆ ನುಗ್ಗಿದರು. ತಮ್ಮ ನಮ್ಮ ಹಿಂದೆ ಬಂದ. ಡಾಕ್ಟರಮ್ಮ ತಾವು ಯಾರೆಂದು ಹೇಳಿಕೊಂಡು, ಕೂರದೆಯೇ ಕೇಳಿದರು.

"ಈ ಹುಡುಗೀನ ಬೇಡ ಅಂದ್ರಂತೆ. ಇವಳ ಲಿವರ್ ನೋಡಿದ್ರಾ?"

ಸರ್ಜನ್ ಸಿಟ್ಟು ಮಾಡಿಕೊಳ್ಳಲಿಲ್ಲ. "ಮೇಡಂ, ರೂಲ್ ಇರೋದು ಕೊಡೋರನ್ನ ಕಾಪಾಡೋಕೆ. ಆರೋಗ್ಯವಾಗಿರೋ ಹೆಣ್ಣುಮಗಳ ಹೊಟ್ಟೆ ಕುಯ್ಯೋನು ನಾನು. ಇವರ ತೂಕಕ್ಕೆ ಅನಸ್ತೇಷಿಯಾದಲ್ಲೋ ಆಮೇಲೋ ಏನಾದ್ರೂ ಆದ್ರೆ? ತಾಯೀನ ಉಳಿಸೋಕೆ ಹೋಗಿ ಮಗಳನ್ನ ಕಳ್ಕೊಂಡ್ರೆ?"

"ಸರಿಯಾದ ಮಾತು. ಅದಕ್ಕೇ ಕೇಳ್ತಿರೋದು. ಇವಳು ಆರೋಗ್ಯವಾಗಿದಾಳೋ ಇಲ್ವೋ ಅಂತ ಯಾರು ನೋಡಿದಾರೆ? ಎತ್ತರ ನೋಡಿದ್ರಿ, ತೂಕ ನೋಡಿದ್ರಿ. ಇವಳ ತಮ್ಮನ್ನೂ ಅದೇ ಲೆಕ್ಕದಲ್ಲಿ ಪಾಸ್ ಮಾಡಿ ಒಳಗೆ ಕಳಿಸಿದ್ರಲ್ಲ, ಏನು ಸಿಕ್ತು? ನಾನೂ ಇಷ್ಟು ವರ್ಷ ಅದನ್ನೇ ನೋಡ್ಕೊಂಡು ಕೂತಿದ್ದೆ ಡಾಕ್ಟರೇ. ಇವಳಮ್ಮ ಅಲ್ಲಿ ಮಲಗಿರೋದು ಅದಕ್ಕೇ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಮಹಡಿ ಹತ್ತಿದ್ರೆ ಏದುಸಿರು ಬರುತ್ತಾ?"

"ಕಾಲೇಜಲ್ಲಿ ನನ್ನ ಕ್ಲಾಸೆಲ್ಲ ಮೂರನೇ ಮಹಡೀಲೇ. ಬರಲ್ಲ."

"ಮಂಡಿ ನೋವು? ತಿಂಗಳು ತಿಂಗಳು ಸರಿಯಾಗಿ ಆಗುತ್ತಾ? ರಾತ್ರಿ ಉಸಿರು ಕಟ್ಟಿ ಎಚ್ಚರ ಆಗುತ್ತಾ? ಗೊರಕೆ?"

"ಗೊರಕೆ ಇಲ್ಲ" ಎಂದ ತಮ್ಮ. "ನಿದ್ದೇಲಿ ಪಾಠ ಮಾಡ್ತಾಳೆ, ಅಷ್ಟೇ."

ಸರ್ಜನ್ ತುಟಿಯಲ್ಲಿ ನಗು ಬಂದು ಹೋಯಿತು. ಹುಟ್ಟಿದಾಗಿನಿಂದ ನನ್ನ ತೂಕ ಕೇಳಿದವರಿದ್ದರು. ನಾನು ಹೇಗಿದ್ದೇನೆ ಎಂದು ಯಾವ ಡಾಕ್ಟರೂ ಕೇಳಿರಲಿಲ್ಲ. ಕೇಳಿದವರು ಇವರೇ ಆಗಬೇಕಿತ್ತೇ ಎಂದೂ ಅನ್ನಿಸಿತು.

"ಎಲ್ಲ ಟೆಸ್ಟೂ ಮಾಡಿಸ್ತೀನಿ" ಎಂದರು ಸರ್ಜನ್ ಕೊನೆಗೆ. "ಲಿವರ್, ಹಾರ್ಟ್, ಶ್ವಾಸಕೋಶ, ಸಕ್ಕರೆ. ಒಂದು ಕೆಟ್ಟಿದ್ರೂ ನಾನು ಮುಂದಕ್ಕೆ ಹೋಗಲ್ಲ. ಎಲ್ಲ ಚೆನ್ನಾಗಿದ್ರೂ ನಮ್ಮ ಸಮಿತಿ ಒಪ್ಪಬೇಕು."

"ಒಂದು ಕೆಟ್ಟಿದ್ರೆ ನಾನೇ ಎಬ್ಬಿಸ್ಕೊಂಡು ಹೋಗ್ತೀನಿ" ಎಂದರು ಡಾಕ್ಟರಮ್ಮ.

ಆ ದಿನಗಳನ್ನು ಹೇಗೆ ಕಳೆದೆನೋ ನನಗೆ ಸರಿಯಾಗಿ ನೆನಪಿಲ್ಲ. ಒಂದು ಯಂತ್ರದೊಳಗೆ ಮಲಗಿ ಎದ್ದರೆ ಇನ್ನೊಂದರ ಮುಂದೆ ಕ್ಯೂ. ಲಿವರ್ ಕೆಟ್ಟಿದ್ದರೆ ಅಮ್ಮ ಹೋಗುತ್ತಾಳೆ ಎಂಬ ಭಯ ಒಂದು ಕಡೆ. ಚೆನ್ನಾಗಿದ್ದರೆ ನನ್ನ ಹೊಟ್ಟೆ ಕುಯ್ಯುತ್ತಾರೆ ಎಂಬ ಭಯ ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ. ಡಾಕ್ಟರಮ್ಮ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಬಂದು ಸ್ಕ್ಯಾನ್ ಕೋಣೆಯ ಹೊರಗೆ ನನ್ನ ಪಕ್ಕ ಕೂರುತ್ತಿದ್ದರು. ಒಂದು ದಿನ ತಾವಾಗಿಯೇ ಮಾತು ತೆಗೆದರು.

"ನಿಂಗೇನೂ ಆಗಲ್ಲ ಅಂತ ನಾನು ಹೇಳಲ್ಲ ಕಣೇ. ದಪ್ಪ ಇರೋರಿಗೆ ಹೊಲಿಗೆ ಮಾಗೋದು ನಿಧಾನ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಜಾಸ್ತಿ. ದಪ್ಪ ಇದ್ರೆ ಒಳ್ಳೇದು ಅಂತಾನೂ ನಾನು ಹೇಳ್ತಿಲ್ಲ, ಮುಂದೆ ನಿಂಗೂ ತೊಂದ್ರೆ ಕೊಡಬಹುದು. ಆದ್ರೆ ದಪ್ಪ ಇರೋದು ಬೇರೆ, ಅದ್ರಿಂದ ಕಾಯಿಲೆ ಬಿದ್ದಿರೋದು ಬೇರೆ. ಒಳಗೇನಾಗಿದೆ ಅಂತ ನೋಡ್ದೆ ಹಣೆಗೆ ಚೀಟಿ ಅಂಟಿಸಬಾರದು, ಅಷ್ಟೇ ನಾನು ಹೇಳೋದು." ನನ್ನ ಕಡೆ ತಿರುಗಿ, "ಬೇಡ ಅನ್ನಿಸಿದ್ರೆ ಈಗ್ಲೇ ಹೇಳು. ಟೆಸ್ಟಲ್ಲಿ ಹೊಂದ್ಲಿಲ್ಲ ಅಂತ ನಾನು ನಿಮ್ಮಮ್ಮನಿಗೆ ಹೇಳ್ತೀನಿ" ಎಂದರು.

"ಕೊಡ್ತೀನಿ" ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಸರ್ಜನ್ ಕರೆದು ಸ್ಕ್ಯಾನ್ ತೋರಿಸಿದ ದಿನ ನನಗೆ ಅದರಲ್ಲಿ ಬೂದುಬಣ್ಣ ಬಿಟ್ಟು ಏನೂ ಕಾಣಲಿಲ್ಲ. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು. "ಕ್ಲೀನಾಗಿದೆ ಮೇಡಂ. ಇಷ್ಟು ಚೆನ್ನಾಗಿರೋ ಲಿವರ್ ನೋಡಿ ತುಂಬ ದಿನ ಆಗಿತ್ತು" ಎಂದರು ಸರ್ಜನ್. ಹಾರ್ಟೂ ಚೆನ್ನಾಗಿತ್ತು, ಸಕ್ಕರೆಯೂ ಇರಲಿಲ್ಲ. ಸಮಿತಿಯವರ ಮುಂದೆ ಸರ್ಜನ್ ತಾವೇ ನನ್ನ ಪರವಾಗಿ ಮಾತಾಡಿದರಂತೆ. ಡಾಕ್ಟರಮ್ಮ ಅಲ್ಲೇ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

ಆಪರೇಷನ್ ದಿನ ಬೆಳಿಗ್ಗೆ, ನನ್ನನ್ನು ಸ್ಟ್ರೆಚರಿಗೆ ಹಾಕುವ ಮೊದಲು ಬಂದರು. ಕೈ ಉಜ್ಜಿಕೊಂಡರು, ಬಳೆ ವಾಚಿಗೆ ತಗುಲಿ ಟಿಕಟಿಕ ಎಂದಿತು. "ತಣ್ಣಗಿರುತ್ತೆ, ತಡ್ಕೋ." ಪಕ್ಕೆಲುಬಿನ ಕೆಳಗೆ ಬೆರಳು ಊರಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟುಕೊಂಡಿದ್ದರು. ಅಂದು ನನಗೆ ಅವರ ಮೇಲೆ ಸಿಟ್ಟಿರಲಿಲ್ಲ.

ಅವರು ಹೇಳಿದಂತೆಯೇ ಆಯಿತು. ನನ್ನ ಹೊಲಿಗೆ ಕೀವು ಕಟ್ಟಿ, ಮಾಗಲು ಬಹಳ ಸತಾಯಿಸಿತು. ಆದರೆ ಅಮ್ಮನ ಕಣ್ಣಿನ ಹಳದಿ ಇಳಿಯಿತು. ಐಸಿಯು ಗಾಜಿನ ಆಚೆಯಿಂದ ಅವಳು ನನ್ನನ್ನು ನನ್ನದೇ ಹೆಸರಿನಿಂದ ಕರೆದಳು. ಅದು ತುಟಿ ನೋಡಿಯೇ ಗೊತ್ತಾಯಿತು.

ಚೇತರಿಸಿಕೊಂಡು ಕ್ಲಿನಿಕ್ಕಿಗೆ ಹೋದಾಗ ಬಾಗಿಲ ಬಳಿ ಮೆಷಿನ್ ಇರಲಿಲ್ಲ. ನೆಲದ ಮೇಲೆ ಅದು ಕೂತಿದ್ದ ಚೌಕದ ಗುರುತು ಮಾತ್ರ ಇತ್ತು. ಒಳಗೆ ಪರದೆಯ ಹಿಂದೆ ಸಾಗಿಸಿದ್ದರು. ಡಾಕ್ಟರಮ್ಮನ ಕತ್ತಿನಲ್ಲಿ ಸ್ಟೆತಾಸ್ಕೋಪಿನ ಜೊತೆ ಟೈಲರುಗಳ ಟೇಪೊಂದು ನೇತಾಡುತ್ತಿತ್ತು. ಈಗ ತೆಳ್ಳಗಿನವರು, ದಪ್ಪಗಿನವರು, ಯಾರೇ ಬಂದರೂ ಸೊಂಟದ ಅಳತೆ, ಆಮೇಲೆ ತೂಕ. ಅಂಕಿಯನ್ನು ಕಿವಿಯಲ್ಲಿ ಹೇಳಿದಷ್ಟು ಮೆಲ್ಲಗೆ ಹೇಳುತ್ತಿದ್ದರು. ಗಟ್ಟಿ ಗಂಟಲಿನ ಹೆಂಗಸು, ಆ ಪಿಸುಮಾತಿಗೆ ಅವರು ಪಡುತ್ತಿದ್ದ ಕಷ್ಟ ನೋಡಬೇಕಿತ್ತು. ರಾಮಕೃಷ್ಣನಗರದಿಂದ ಬರುತ್ತಿದ್ದ ಕಡ್ಡಿ ಪೈಲ್ವಾನ್ ರಿಟೈರ್ಡ್ ಮೇಷ್ಟ್ರೊಬ್ಬರು, "ನಂಗ್ಯಾಕ್ರೀ ಅಳತೆ? ನೆಗಡಿಗೆ ಬಂದಿದೀನಿ" ಎಂದು ರೇಗಿದರು. "ಸುಮ್ನೆ ಕೈ ಎತ್ರೀ. ಪ್ಯಾಂಟು ಹೊಟ್ಟೆ ಕೆಳಗೆ ಹಾಕ್ಕೊಂಡ್ರೆ ಹೊಟ್ಟೆ ಇಲ್ಲ ಅಂತ ಆಗಲ್ಲ" ಎಂದರು ಡಾಕ್ಟರಮ್ಮ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಆ ವಾರ ಗೊತ್ತಾಯಿತು. ತಮ್ಮನನ್ನಂತೂ ಹಿಡಿದು ಕೂರಿಸಿ, ಏನು ತಿನ್ನುತ್ತೀಯ, ಎಷ್ಟು ನಡೆಯುತ್ತೀಯ ಎಂದು ಬೆನ್ನು ಬಿಡದೆ ಕಾಡಿ ಅವನ ಲಿವರನ್ನು ದಾರಿಗೆ ತಂದರು. ನನಗೂ ರಿಯಾಯಿತಿ ಇರಲಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ, ದಿನಾ ನಡಿಗೆ.

ತೂಕವೊಂದನ್ನೇ ನೋಡಿ ಬೊಜ್ಜಿನ ಕಾಯಿಲೆ ಎನ್ನಬಾರದು, ದೇಹಕ್ಕೆ ಅದು ಮಾಡಿರುವ ಹಾನಿ ನೋಡಬೇಕು ಎಂದು ಈಗ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದಾರಂತೆ ಎಂದು ಒಮ್ಮೆ ಅವರಿಗೆ ಹೇಳಿದೆ. ಖುಷಿಯಾಗಬಹುದು ಎಂದುಕೊಂಡಿದ್ದೆ. "ಹೇಳ್ಲಿ" ಎಂದು ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ನಂಗೆ ನಿಮ್ಮಮ್ಮ ಮೊದಲ ಸಲ ಸುಸ್ತು ಅಂತ ಬಂದ ದಿನ ಯಾರಾದ್ರೂ ಹೇಳಿದ್ರೆ ಆಗ್ತಿತ್ತು."

ಹೃದಯದ ತೊಂದರೆಯಿಂದ ಕ್ಲಿನಿಕ್ ಮುಚ್ಚಿ ಯಾದವಗಿರಿಯ ತಂಗಿಯ ಮನೆ ಸೇರಿದ ಮೇಲೆ ಅವರು ತೀರ ಇಳಿದುಹೋದರು. ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಔಷಧಿಗಳ ದೆಸೆಯಿಂದ ಅಮ್ಮನ ಮುಖ, ತೋಳು ತುಂಬಿಕೊಂಡಿವೆ. ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ದಪ್ಪ ಆಗಿದೀಯಲ್ಲೇ" ಎಂದರು. ಎಷ್ಟೋ ದಿನಗಳ ಮೇಲೆ ಅವರ ದನಿ ಗಟ್ಟಿಯಾಗಿತ್ತು. ಆಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಕೈ ಉಜ್ಜಿಕೊಳ್ಳಲು ನೋಡಿದರು, ಆಗಲಿಲ್ಲ. ಉಜ್ಜದೆಯೇ ಅಮ್ಮನ ಪಕ್ಕೆಲುಬಿನ ಕೆಳಗೆ ಬೆರಳು ಊರಿ, ಕಣ್ಣು ಮುಚ್ಚಿಕೊಂಡರು.

"ಯಾರ್ದೇ ಇದು?" ಎಂದು ಕೇಳಿದರು.

"ಇವಳ್ದು" ಎಂದು ಅಮ್ಮ ನನ್ನ ಕಡೆ ತೋರಿಸಿದಳು.

"ಚೆನ್ನಾಗಿದೆ" ಎಂದರು ಡಾಕ್ಟರಮ್ಮ.

ಆ ವಾರವೇ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಅವರನ್ನು ಮನೆಯ ನಡುಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಕಾಲು ಮುಟ್ಟಿ ನಮಸ್ಕರಿಸಿ ಹೋಗುತ್ತಿದ್ದರು. ಅಮ್ಮ ಕಾಲಿನ ಕಡೆ ಹೋಗಲಿಲ್ಲ. ಪಕ್ಕದಲ್ಲಿ ಕೂತು ಅವರ ಎರಡೂ ಕೈಗಳನ್ನು ತನ್ನ ತುಂಬು ಕೈಗಳೊಳಗೆ ತೆಗೆದುಕೊಂಡು ಉಜ್ಜತೊಡಗಿದಳು. ಡಾಕ್ಟರಮ್ಮನ ತಂಗಿ ಬಂದು, "ಬಿಡಿಮ್ಮ, ಹೊತ್ತಾಯ್ತು" ಎಂದರು. ನಾನು ಅಮ್ಮನ ಭುಜ ಹಿಡಿದೆ. ಬಳೆಯನ್ನೂ ವಾಚನ್ನೂ ಆಗಲೇ ಬಿಚ್ಚಿಟ್ಟಿದ್ದರು, ಸದ್ದೇ ಇರಲಿಲ್ಲ. ಅಮ್ಮ ಉಜ್ಜುತ್ತಲೇ ಇದ್ದಳು.